ಹೇಳಿಕೊಟ್ಟ ಮಾತು

ಮಾರ್ಚ್ ೩, ಭಾನುವಾರ

ಸಭಿಕರೇ! ಮುಂದಿನ ಸಾಲಿನ ಗಣ್ಯರೇ, ನಡುವಿನ ಬೆಂಚುಗಳ ಸಂಸಾರಸ್ಥರೇ, ಹಿಂದೆ ನೆಲದ ಮೇಲೆ ಕಾಲು ಚಾಚಿ ಶಿಳ್ಳೆಗೆ ತುಟಿ ಹದ ಮಾಡಿಕೊಳ್ಳುತ್ತಿರುವ ನನ್ನ ಪ್ರಾಣಸ್ನೇಹಿತರೇ! ದೀಪ ಸಣ್ಣದಾಗಲಿ, ಕೂಸುಗಳ ಅಳು ನಿಲ್ಲಲಿ, ಪರದೆ ಏಳಲಿ!

ಎದ್ದಿತು. ಏನು ಕಂಡಿತು? ಒಂದು ಅಡುಗೆಮನೆಯ ಮೇಜು. ಅದರ ಮೇಲೆ ಕನ್ನಡಕದ ಗಾಜಿನ ಕಂಪನಿಯವರು ಪುಕ್ಕಟೆ ಹಂಚಿದ ಈ ಡೈರಿ. ಅದರ ಮುಂದೆ ನಾನು. ನೋಡುವವರು ಯಾರೂ ಇಲ್ಲ, ಯಾರಿಗೂ ತೋರಿಸುವ ಇರಾದೆಯೂ ಇಲ್ಲ. ಆದರೆ ನಾಟಕ ಕಂಪನಿಯ ಟ್ರಂಕುಗಳ ನಡುವೆ ಹುಟ್ಟಿ, ಡೇರೆಯಲ್ಲಿ ಹಲ್ಲು ಮೂಡಿಸಿಕೊಂಡವನು ನಾನು. ಎದುರಿಗೆ ನಾಲ್ಕು ಜನ ಇದ್ದಾರೆ ಅಂದುಕೊಳ್ಳದಿದ್ದರೆ ಬಾಯೂ ತೆರೆಯುವುದಿಲ್ಲ, ಪೆನ್ನೂ ಓಡುವುದಿಲ್ಲ.

ಪಾತ್ರ ಪರಿಚಯ ಕೇಳಿ. ನಾನು ಗುಡುಗು. ಕಂಪನಿಯವರು ಇಟ್ಟ ಹೆಸರು. ರಾಜ, ರಾಕ್ಷಸ, ಸೇನಾಪತಿ, ಯಾವ ಪಾತ್ರಕ್ಕಾದರೂ ನನ್ನ ಗಂಟಲೇ ಗತಿ. ಕಂಪನಿ ಮುಚ್ಚಿದ ಮೇಲೆ ಹಳೆ ಸಾಮಾನಿನ ಹರಾಜು ಅಂಗಳದಲ್ಲಿ ಕೂಗುವ ಕೆಲಸ. ನನ್ನ ಹೆಂಡತಿ ಪಿಸು. ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತು ನಟರಿಗೆ ಮಾತು ಹೇಳಿಕೊಡುವ ಪ್ರಾಂಪ್ಟರ್. ಅವಳ ಪಿಸುಮಾತು ರಂಗದ ಆ ತುದಿಯಲ್ಲಿ ನಿಂತ ನನಗೆ ಕೇಳುತ್ತಿತ್ತು, ಮೊದಲ ಸಾಲಿನವನಿಗೆ ಕೇಳುತ್ತಿರಲಿಲ್ಲ. ಅದೊಂದು ವಿದ್ಯೆ. ಗುಟ್ಟು ಹೇಳಲೇ? ನಾನು ಜನ್ಮದಲ್ಲಿ ಒಂದು ಪಾತ್ರವನ್ನೂ ಬಾಯಿಪಾಠ ಮಾಡಿದವನಲ್ಲ. ಅವಳು ಪಿಸುಗುಟ್ಟಿದಳು, ನಾನು ಗುಡುಗಿದೆ. ಚಪ್ಪಾಳೆ ಮಾತ್ರ ನನಗೇ ಬಿತ್ತು.

ಈಗ ಆಟ ತಿರುಗಿದೆ. ಪಿಸು ಮರೆಯುತ್ತಿದ್ದಾಳೆ.

ಮಧ್ಯಾಹ್ನ ಕೆಳಮಹಡಿಯ ದರ್ಜಿ ಬಂದ. ನಮ್ಮ ಹಳೆಯ ನೆರೆಯವನು.

"ಅಕ್ಕಾ, ಹೇಗಿದ್ದೀರಿ?"

ಪಿಸು ನಕ್ಕಳು. ನಗು ತುಟಿಯಲ್ಲಿತ್ತು, ಕಣ್ಣು ಮಾತ್ರ ಇವನು ಯಾರೆಂದು ಹುಡುಕುತ್ತಿತ್ತು. ನಾನು ಅವಳ ಬೆನ್ನ ಹಿಂದೆ ಟವೆಲ್ ಮಡಿಸುತ್ತಿದ್ದೆ. ತುಟಿ ಅಲುಗಿಸದೆ ಅಂದೆ: "ದರ್ಜಿ. ಮಗಳ ಮದುವೆ."

"ಚೆನ್ನಾಗಿದ್ದೀನಪ್ಪ. ಮಗಳ ಮದುವೆ ಓಡಾಟ ಎಲ್ಲಿಗೆ ಬಂತು?"

"ನೆನಪು ಅಂದ್ರೆ ಅಕ್ಕನದು! ನನ್ನ ಹೆಂಡತಿಗೇ ತಾರೀಕು ನೆನಪಿಲ್ಲ!"

ಅವನು ಖುಷಿಯಿಂದ ಮೆಟ್ಟಿಲಿಳಿದ. ಸಭಿಕರೇ, ಮೊದಲ ಸಾಲಿನವನಿಗೂ ಕೇಳಲಿಲ್ಲ! ಇಷ್ಟು ವರ್ಷ ನನ್ನ ಮಾನ ಕಾಪಾಡಿದವಳು ಅವಳು. ಈಗ ನನ್ನ ಸರದಿ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ, ಅವಳ ಬಾಯಿ ಒಂದು ಗಳಿಗೆ ಬರಿದಾದರೆ ಸಾಕು, ನನ್ನ ಮಾತು ಅಲ್ಲಿ ಹೋಗಿ ಕೂತಿರುತ್ತದೆ. ರಂಗದ ಮೇಲೆ ಮೌನವೆಂದರೆ ಸಾವು.

ಆದರೆ ಮಗಳಿಗೆ ಅನುಮಾನ. ಕನ್ನಡಕದ ಅಂಗಡಿ ಇಟ್ಟವಳು, ಕಣ್ಣು ಚುರುಕು. "ಅಪ್ಪಾ, ಅಮ್ಮನ್ನ ಒಂದ್ಸಲ ಮಾತಾಡೋಕೆ ಬಿಡು. ಏನೇ ಕೇಳಿದ್ರೂ ನೀನೇ ಮಧ್ಯೆ ಬರ್ತೀಯ" ಅಂದಳು. ದೊಡ್ಡಾಸ್ಪತ್ರೆಯ ನೆನಪಿನ ವಿಭಾಗದಲ್ಲಿ ದಿನ ಗೊತ್ತು ಮಾಡಿದ್ದಾಳಂತೆ. ಅಲ್ಲಿ ಏನೋ ಹೊಸ ಔಷಧಿಯ ಪರೀಕ್ಷೆ ನಡೆಯುತ್ತಿದೆ, ಬೇಗ ಗೊತ್ತಾದರೆ ಅಮ್ಮನಿಗೂ ಜಾಗ ಸಿಗಬಹುದು ಎಂದು ಅವಳ ಆಸೆ. ಪಿಸುವಿಗೆ ಕಾಯಿಲೆಯಂತೆ! ಎರಡು ಮಾತು ಮರೆತರೆ ಕಾಯಿಲೆಯಾದರೆ ನಾನು ಹುಟ್ಟು ರೋಗಿ.

ಮಾರ್ಚ್ ೧೪, ಗುರುವಾರ

ಜಯಭೇರಿ ಬಾರಿಸಿ! ಕೋಟೆ ನಮ್ಮದು!

ಬೆಳಿಗ್ಗೆ ಮಗಳಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ನಾವಿಬ್ಬರೇ ಹೋದೆವು. ಉದ್ದದ ಓಣಿ, ಗೋಡೆಗೆ ಕಡಲೆಹಿಟ್ಟಿನ ಬಣ್ಣ, ಸಾಲು ಕುರ್ಚಿಗಳು. ಒಂದು ಪುಟ್ಟ ಕೋಣೆಗೆ ಕರೆದರು. ಪರೀಕ್ಷೆ ಮಾಡುವ ಹುಡುಗಿ ಪಿಸುವಿಗೆ ಎದುರಾಗಿ ಕೂತಳು. ನನಗೆ ಬಾಗಿಲ ಬಳಿ ಕುರ್ಚಿ. ಹುಡುಗಿಯ ಬೆನ್ನು ನನ್ನ ಕಡೆ, ಪಿಸುವಿನ ಮುಖ ನನ್ನ ಕಡೆ. ಇದಕ್ಕಿಂತ ಒಳ್ಳೆಯ ಜಾಗವನ್ನು ದೇವರೂ ಕೊಡಲಾರ.

ಹುಡುಗಿ ಐದು ಪದ ಹೇಳಿದಳು. ಕಿಟಕಿ, ಕುದುರೆ, ಕತ್ತರಿ, ನದಿ, ಗಂಟೆ. ಆಮೇಲೆ ಬೇರೇನೋ ಲೆಕ್ಕ ಮಾಡಿಸಿ, "ಅಮ್ಮಾ, ಆಗ ಹೇಳಿದ ಐದು ಪದ ಹೇಳಿ" ಅಂದಳು.

"ಕಿಟಕಿ" ಅಂದಳು ಪಿಸು. ನಿಂತಳು.

ಆ ಮೌನ! ಕೈ ತಾನಾಗಿ ಎದ್ದಿತು. ಲಗಾಮು ಹಿಡಿದು ಕುರ್ಚಿಯಲ್ಲೇ ಎರಡು ಸಲ ಕುಪ್ಪಳಿಸಿದೆ. ಕುದುರೆ. ಎರಡು ಬೆರಳು ಆಡಿಸಿದೆ. ಕತ್ತರಿ. ಅಂಗೈಯನ್ನು ಅಲೆಯಂತೆ ಹರಿಸಿದೆ. ಹಗ್ಗ ಜಗ್ಗಿದೆ. ಐದಕ್ಕೆ ಐದು!

ಗಡಿಯಾರದಲ್ಲಿ ಮೂರು ಗಂಟೆ ಬರೆಯಿರಿ ಅಂದಳು. ಒಂದು ತೋಳು ಮೇಲಕ್ಕೆ, ಒಂದು ತೋಳು ಪಕ್ಕಕ್ಕೆ. ಎದುರಿನಿಂದ ನೋಡುವವಳಿಗೆ ಬಲಗಡೆ ಕಾಣಬೇಕಾದರೆ ನಾನು ಎಡತೋಳು ಚಾಚಬೇಕು. ಈ ಎಚ್ಚರ ಹವ್ಯಾಸಿ ನಟನಿಗೆ ಬರುವುದಿಲ್ಲ, ಕಂಪನಿಯವನಿಗೇ ಬರಬೇಕು. ಹುಡುಗಿ ಒಮ್ಮೆ ತಿರುಗಿದಾಗ ಎರಡೂ ತೋಳೆತ್ತಿ ಮೈಮುರಿದೆ.

ಕೊನೆಗೆ ಡಾಕ್ಟರಮ್ಮ ಬಂದು ಕಾಗದ ನೋಡಿದರು. "ಅಂಕ ಚೆನ್ನಾಗಿದೆ. ಕಾಯಿಲೆ ಅನ್ನೋ ಹಾಗೆ ಏನೂ ಕಾಣ್ತಿಲ್ಲ. ಮುಂದಿನ ವರ್ಷ ಒಮ್ಮೆ ಬನ್ನಿ. ಏನಾದರೂ ವ್ಯತ್ಯಾಸ ಆದರೆ ಮೊದಲೇ ಬನ್ನಿ."

ಬಸ್ಸಿನಲ್ಲಿ ನಾನು ಗೆದ್ದ ಸೇನಾಪತಿಯ ಹಾಗೆ ಕೂತಿದ್ದೆ. ಪಿಸು ಕಿಟಕಿಯ ಕಡೆಗೇ ನೋಡುತ್ತಿದ್ದಳು.

"ಯಾಕೇ? ಗೆದ್ದೆವಲ್ಲ!"

"ನಾನು ನಿಮಗೆ ಹೇಳಿಕೊಡ್ತಿದ್ದದ್ದು ಜನ ನಿಮ್ಮನ್ನ ಮೆಚ್ಚಲಿ ಅಂತ" ಅಂದಳು. "ನೀವು ಇವತ್ತು ಯಾರು ಮೆಚ್ಚಲಿ ಅಂತ ಹೇಳಿಕೊಟ್ರಿ?"

ಹೆಂಗಸರ ಮಾತು. ಗೆದ್ದ ದಿನವೂ ಒಂದು ಕೊಂಕು ಇರಬೇಕು. ಮಗಳಿಗೆ ಫೋನ್ ಮಾಡಿ "ನಿನ್ನಮ್ಮ ಕಲ್ಲುಗುಂಡು" ಅಂದೆ. ಅವಳು ಆ ಕಡೆ ಅತ್ತಳು, ಸಂತೋಷಕ್ಕೆ.

ಮೇ ೧೧, ಶನಿವಾರ

ಮಹಾಜನಗಳೇ, ಇವತ್ತು ಹರಾಜು ಅಂಗಳದಲ್ಲಿ ನಡೆದ ಹಾಸ್ಯ ಪ್ರಸಂಗವನ್ನು ಕೇಳಿ ಪುನೀತರಾಗಿ.

ಕ್ರಮ ನಿಮಗೆ ತಿಳಿದಿರಲಿ. ನಾನು ಕಟ್ಟೆಯ ಮೇಲೆ. ನನ್ನ ಹಿಂದೆ ಸ್ಟೂಲಿನ ಮೇಲೆ ಪಿಸು. ಆಳುಗಳು ಸಾಮಾನು ಎತ್ತಿ ತೋರಿಸಿದ ಕೂಡಲೇ ಅವಳು ಚೀಟಿ ನೋಡಿ ಪಿಸುಗುಟ್ಟುತ್ತಾಳೆ: ತೇಗ, ಒಂದು ಕಾಲು ಹೊಸದು, ಬೀಗದ ಕೈ ಇಲ್ಲ. ನಾನು ಅದನ್ನೇ ಬಣ್ಣ ಕಟ್ಟಿ ಕೂಗುತ್ತೇನೆ. ಚೀಟಿ ನಾನು ಮುಟ್ಟುವುದಿಲ್ಲ. ಕನ್ನಡಕ ಹಾಕಿಕೊಂಡ ಸೇನಾಪತಿಯನ್ನು ಯಾರು ನಂಬುತ್ತಾರೆ?

ಇವತ್ತು ಕನ್ನಡಿ ಬಾಗಿಲಿನ ದೊಡ್ಡ ಕಪಾಟು ಬಂತು. ಹಿಂದಕ್ಕೆ ಕಿವಿ ಕೊಟ್ಟೆ. ಸದ್ದಿಲ್ಲ. ಜನ ಕಾಯುತ್ತಿದ್ದಾರೆ. ಕೈ ಬೆನ್ನ ಹಿಂದೆ ಚಾಚಿ ಬೆರಳು ಆಡಿಸಿದೆ. ಆಗ ಬಂತು, ಹಳೆಯ ಸ್ಪಷ್ಟ ಪಿಸುಮಾತು. ನನ್ನ ಗಂಟಲಿಗೆ ಯೋಚನೆ ಮಾಡುವ ಅಭ್ಯಾಸ ಎಲ್ಲಿದೆ? ಕೇಳಿದ್ದನ್ನು ಕೇಳಿದ ಹಾಗೇ ಗುಡುಗಿಬಿಟ್ಟೆ:

"ಮಹಾಪ್ರಭು! ಉತ್ತರದ ಬಾಗಿಲು ಮುರಿದಿದೆ! ಸೇನೆ ನಮ್ಮನ್ನು ಬಿಟ್ಟು ಹೋಯಿತು!"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಗೆಯ ಸ್ಫೋಟ. ಒಬ್ಬ ಕೂಗಿದ, "ಮುರಿದ ಬಾಗಿಲಿಗೆ ನಾನು ಅರ್ಧ ದುಡ್ಡು ಕೊಡ್ತೀನಿ!" ಇನ್ನೊಬ್ಬ, "ಸೇನೆ ಹೋದ್ರೂ ಕಪಾಟು ಬಿಡಬೇಡಿ ಪ್ರಭು!" ಕಪಾಟು ಒಳ್ಳೆಯ ಬೆಲೆಗೆ ಹೋಯಿತು. ಅಂಗಳದ ಯಜಮಾನ ಬೆನ್ನು ತಟ್ಟಿ, "ಗುಡುಗಣ್ಣ, ಪ್ರತಿ ವಾರ ಇಂಥದ್ದೊಂದು ಇಟ್ಕೊಳ್ಳಿ" ಅಂದ. ನಾನು ಬಾಗಿ ವಂದಿಸಿದೆ. ಬೇಕೆಂದೇ ಮಾಡಿದ್ದು ಎಂದು ಹೇಳಿದೆ.

ತಿರುಗಿ ನೋಡಿದರೆ ಪಿಸು ಚೀಟಿಗಳನ್ನು ಮಡಿಲಲ್ಲಿ ಜೋಡಿಸುತ್ತಿದ್ದಳು. ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸುತ್ತಿದ್ದಳು.

"ಯಾವ ನಾಟಕದ್ದೇ ಅದು?" ಅಂದೆ.

"ಯಾವ ನಾಟಕ? ಕಪಾಟಿನ ಚೀಟಿ ಓದಿದೆ" ಅಂದಳು.

ಮಗಳಿಗೆ ಕಪಾಟಿನ ಬೆಲೆಯನ್ನಷ್ಟೇ ಹೇಳಿದೆ.

ಆಗಸ್ಟ್ ೬, ಮಂಗಳವಾರ

ಪಿಸು ಇವತ್ತು ಮೆಟ್ಟಿಲ ಮೇಲೆ ಕೂತಿದ್ದಳಂತೆ. ಹಾಲಿನ ಚೀಲ ಪಕ್ಕದಲ್ಲಿ. ಯಾವ ಮಹಡಿ ನಮ್ಮದೆಂದು ತಿಳಿಯದೆ. ನಾನು ಕೆಲಸದಲ್ಲಿದ್ದೆ. ಹೇಳಿಕೊಡಲು ಯಾರೂ ಇರಲಿಲ್ಲ. ಮಗಳೇ ಬಂದು ನೋಡಿದಳು.

ಸಂಜೆ ಮಗಳು ನನ್ನ ಎದುರು ನಿಂತಳು. "ಮಾರ್ಚಿನಲ್ಲಿ ಐದಕ್ಕೆ ಐದು ಹೇಳಿದವಳು ಇವತ್ತು ಮನೆ ಬಾಗಿಲು ಮರೀತಾಳಾ ಅಪ್ಪಾ?"

"ಬಿಸಿಲು ಕಣಮ್ಮ. ತಲೆ ತಿರುಗಿರುತ್ತೆ."

"ಮತ್ತೆ ದಿನ ತಗೊಂಡಿದ್ದೀನಿ. ಈ ಸಲ ನಾನೇ ಬರ್ತೀನಿ. ನೀನು ಹೊರಗೆ ಕೂತಿರು."

ಸಭಿಕರೇ, ನಾಯಕನನ್ನೇ ರಂಗದಿಂದ ಹೊರಗೆ ಹಾಕುವ ಕಾಲ ಬಂತು.

ಸೆಪ್ಟೆಂಬರ್ ೧೯, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪರೀಕ್ಷೆ ಮುಗಿಯುವವರೆಗೆ ನಾನು ಓಣಿಯಲ್ಲಿ. ಬಾಗಿಲಿಗೆ ಸಣ್ಣ ಗಾಜಿತ್ತು. ಮಗಳು ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಳು, ಬೇಕೆಂದೇ. ಆಮೇಲೆ ಮೂವರನ್ನೂ ಡಾಕ್ಟರಮ್ಮನ ಕೋಣೆಗೆ ಕರೆದರು.

ಡಾಕ್ಟರಮ್ಮ ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡಿದ್ದರು. "ಆರು ತಿಂಗಳಲ್ಲಿ ಇಷ್ಟು ಇಳಿಯೋದು ಅಪರೂಪ. ಮಾರ್ಚಿನ ಪರೀಕ್ಷೆ ದಿನ ಏನಾದರೂ ಬೇರೆ ಥರ ಆಗಿತ್ತಾ?"

ನನ್ನ ಗಂಟಲು, ಡೇರೆಯ ಕೊನೆಯ ಸಾಲಿಗೆ ಮುಟ್ಟುತ್ತಿದ್ದ ಗಂಟಲು, ಮೇಜಿನ ಆ ಬದಿಗೂ ಮುಟ್ಟಲಿಲ್ಲ.

"ಆವತ್ತು ಇವರು ಹೇಳಿಕೊಟ್ರು" ಅಂದಳು ಪಿಸು. ಹಾಲು ತೀರಿದೆ ಎಂದು ಹೇಳುವ ದನಿಯಲ್ಲಿ.

ಮಗಳು ನನ್ನನ್ನು ನೋಡಿದಳು. ಆ ನೋಟವನ್ನು ಬರೆಯುವುದಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿದರು. ತೀರಿಹೋದವರು ಯಾರೋ ದಾನ ಕೊಟ್ಟ ಮಿದುಳಿನ ತೆಳುವಾದ ಬಿಲ್ಲೆಯ ಚಿತ್ರ. ಅಲ್ಲಲ್ಲಿ ಕಂದು ಬಣ್ಣದ ಗಂಟುಗಳು, ಗೋಡೆಗೆ ತೇವ ಹಿಡಿದ ಹಾಗೆ.

"ಇದು ಅಮೈಲಾಯ್ಡ್ ಅನ್ನೋ ಪ್ರೋಟೀನಿನ ಚೂರು. ಎಲ್ಲರ ತಲೆಯಲ್ಲೂ ಹುಟ್ಟುತ್ತೆ, ಗುಡಿಸಿ ಹೋಗುತ್ತೆ. ಕೆಲವರಲ್ಲಿ ಹೋಗದೆ ಹೀಗೆ ಗಂಟು ಕಟ್ಟುತ್ತೆ. ಆದರೆ ಗಂಟಿನಲ್ಲಿ ಅದೊಂದೇ ಇಲ್ಲ. ಜೊತೆಗೆ ಇನ್ನೊಂದಿದೆ." ಚಿತ್ರ ಬದಲಾಯಿತು. ಅದೇ ಗಂಟುಗಳು, ಈ ಸಲ ನೀಲಿಯಲ್ಲಿ. "ಪ್ರೋಟಿಯೋಗ್ಲೈಕಾನ್ ಅಂತ. ಬಾಟಲಿ ತೊಳೆಯೋ ಬ್ರಷ್ ನೋಡಿದ್ದೀರಲ್ಲ? ಮಧ್ಯೆ ಪ್ರೋಟೀನಿನ ಕಡ್ಡಿ, ಸುತ್ತ ಸಕ್ಕರೆಯ ಉದ್ದುದ್ದ ಎಳೆಗಳು. ಆ ಎಳೆಗಳಿಗೆ ಅಮೈಲಾಯ್ಡ್ ಅಂಟಿಕೊಳ್ಳುತ್ತೆ. ಚೂರು ಚೂರಾಗಿ ಇರಬೇಕಾದ್ದು ಒಟ್ಟಾಗಿ ನಾರಾಗೋಕೆ ಇದು ನೆರವಾಗುತ್ತೆ. ಆಮೇಲೆ ಮೇಲೆ ಹೊದ್ದುಕೊಂಡು ಕೂರುತ್ತೆ. ಕಸ ಕತ್ತರಿಸಿ ಹಾಕೋ ಕಿಣ್ವಗಳು ಬಂದರೆ ಅವುಗಳ ಕೈಗೆ ಸಿಗದ ಹಾಗೆ ಕಾಯುತ್ತೆ."

ನನಗೆ ಜೀವ ಬಂತು. "ಅಂದ್ರೆ ಖಳನಾಯಕ ಇವನೇ!"

"ಖಳನಾಯಕ ಯಾರೂ ಇಲ್ಲ ಸರ್" ಅಂದರು ಡಾಕ್ಟರಮ್ಮ. "ಇದು ಮೈಯೆಲ್ಲಾ ಇದೆ. ನಿಮ್ಮ ಮೊಣಕಾಲಿನ ಮೆತ್ತೆಯಲ್ಲೂ ಇದರ ಬಳಗವೇ ಇರೋದು. ಇದಿಲ್ಲದೆ ಜೀವಕೋಶಗಳು ಒಟ್ಟಿಗೆ ನಿಲ್ಲೋದೇ ಇಲ್ಲ. ಹಿಡಿದಿಡೋದು ಇದರ ಕೆಲಸ. ಏನನ್ನ ಹಿಡೀತಿದ್ದೀನಿ ಅಂತ ಇದಕ್ಕೆ ತಿಳಿಯಲ್ಲ, ಅಷ್ಟೇ."

ಎಂಥ ನಾಟಕ ಇದು? ಖಳನಿಲ್ಲದೆ ರಾಜ್ಯ ಹಾಳಾಗುವ ನಾಟಕವನ್ನು ನಾನು ಎಲ್ಲೂ ಆಡಿಲ್ಲ. ಪಿಸು ಪರದೆಯನ್ನು ಬಿಟ್ಟು ನನ್ನ ಕಡೆಗೇ ನೋಡುತ್ತಿದ್ದಳು. ಯಾಕೋ ತಿಳಿಯಲಿಲ್ಲ.

ಮಗಳು ಕೇಳಿದಳು, "ಆ ಹೊಸ ಔಷಧಿ?"

"ಅದು ಈ ಸಕ್ಕರೆ ಎಳೆಯ ವೇಷ ಹಾಕಿಕೊಂಡ ಪುಟ್ಟ ಅಣು. ಅಮೈಲಾಯ್ಡ್ ಎಳೆಗೆ ಅಂಟೋ ಬದಲು ಇದಕ್ಕೆ ಅಂಟಲಿ, ಗಂಟಾಗದೆ ತೊಳೆದು ಹೋಗಲಿ ಅನ್ನೋ ಲೆಕ್ಕ. ಕೆಲಸ ಮಾಡುತ್ತೋ ಇಲ್ಲವೋ ನಮಗೂ ಗೊತ್ತಿಲ್ಲ. ಅದನ್ನ ನೋಡೋಕೇ ಪರೀಕ್ಷೆ. ಆದರೆ ಶುರುವಿನ ಹಂತದವರನ್ನ ಮಾತ್ರ ತಗೋತೀವಿ." ಕಾಗದಗಳನ್ನು ಒಂದರ ಮೇಲೊಂದು ಇಟ್ಟರು. "ಮಾರ್ಚಿನಲ್ಲಿ ನಿಜವಾದ ಅಂಕ ಬಂದಿದ್ದರೆ ಅಮ್ಮ ಬಹುಶಃ ಆ ಔಷಧಿ ಪರೀಕ್ಷೆಯ ಒಳಗಿರ್ತಿದ್ದರು. ಈಗ ಗೆರೆ ದಾಟಿದೆ. ಕ್ಷಮಿಸಿ."

ಕ್ಷಮಿಸಿ ಎಂದು ಅವರು ಅಂದರು.

ಸೆಪ್ಟೆಂಬರ್ ೨೦, ಶುಕ್ರವಾರ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕಾವಲು ನಿಂತವನು ನಾನೇ.

ಸೆಪ್ಟೆಂಬರ್ ೨೯, ಭಾನುವಾರ

ಮಗಳು ಹತ್ತು ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಅಮ್ಮನಿಗೆ ತಲೆ ಬಾಚಿ, ಅಮ್ಮನಿಗೆ ಬಡಿಸಿ, ಮೇಜನ್ನು ಸುತ್ತಿ ಹೋಗುವಂತೆ ನನ್ನನ್ನು ಸುತ್ತಿ ಹೋಗುತ್ತಿದ್ದಳು. ಇವತ್ತು ಕಟ್ಟೆ ಒಡೆಯಿತು.

"ನಿನಗೆ ಅಮ್ಮ ಬೇಕಾಗಿರಲಿಲ್ಲ. ನಿನಗೆ ಬೇಕಾಗಿದ್ದದ್ದು ಆಟ. ಯಾರಿಗೂ ಗೊತ್ತಾಗದ ಹಾಗೆ ಮಾಡಿದೆ ಅಂತ ಎದೆ ಉಬ್ಬಿಸ್ಕೊಂಡು ಓಡಾಡಿದ್ಯಲ್ಲ? ಯಾರಿಗೆ ಗೊತ್ತಾಗಬೇಕಿತ್ತೋ ಅವರಿಗೇ ಗೊತ್ತಾಗಲಿಲ್ಲ!"

ನಾನು ತಲೆ ತಗ್ಗಿಸಿದ್ದೆ.

ಪಿಸು ಮಂಚದ ತುದಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಅವರನ್ನ ಬೈಬೇಡ" ಅಂದಳು.

"ನೀನು ಸುಮ್ನಿರಮ್ಮ. ನಿನಗೆ ಗೊತ್ತಾಗಲ್ಲ."

"ಗೊತ್ತಾಗುತ್ತೆ. ನಾನು ಆ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡವಳು." ಅಲ್ಲಿ ನಿಂತಳು. ಮುಂದಿನ ಮಾತು ಹುಡುಕಿದಳು. ಹುಡುಕಿ ತಂದಳು. "ಹೇಳಿಕೊಟ್ಟದ್ದನ್ನ ನಟ ಹೇಳಲೇಬೇಕು ಅಂತಿಲ್ಲ. ಬೇಡ ಅಂದ್ರೆ ಬಿಡಬಹುದು. ಇವರು ಕುದುರೆ ಹಾಗೆ ಕುಣಿದ್ರು. ನನಗೆ ಹೆದರಿಕೆ ಆಗಿತ್ತು. ತಗೊಂಡೆ. ನನಗೇನು ಬಾಯಿ ಇರಲಿಲ್ವಾ?"

ಮಗಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ನೀರು ಸುಮ್ಮನೆ ಹರಿಯುತ್ತಿತ್ತು.

ಆವತ್ತು ಪಿಸು ಹೆದರಿದ್ದಳು. ಅದನ್ನು ನಾನು ನೋಡಲಿಲ್ಲ. ಅವಳ ಮುಖಕ್ಕೇ ಎದುರಾಗಿ ಕೂತಿದ್ದೆ, ನೋಡಲಿಲ್ಲ. ಅಯ್ಯೋ, ನನ್ನ ಕುದುರೆಯನ್ನೇ ನೋಡಿಕೊಳ್ಳುತ್ತಿದ್ದೆ.

ಅಕ್ಟೋಬರ್ ೧೫, ಮಂಗಳವಾರ

ಹರಾಜಿಗೆ ಪಿಸು ಬರುವುದಿಲ್ಲ. ಮಗಳು ಕೊಟ್ಟ ಕನ್ನಡಕ ಹಾಕಿಕೊಂಡು ಚೀಟಿ ನೋಡಿ ಓದುತ್ತೇನೆ. ಏನು ಬರೆದಿದೆಯೋ ಅಷ್ಟೇ. ಯಜಮಾನ ಕೇಳಿದ: "ಏನ್ ಗುಡುಗಣ್ಣ, ಗುಡುಗಿಗೆ ನೆಗಡಿನಾ?"

ಸಂಜೆ ದರ್ಜಿ ಬಂದಿದ್ದ. ಪಿಸು ಅವನನ್ನು ದಿಟ್ಟಿಸಿದಳು. ಗೋಡೆಯಲ್ಲಿ ಒಂದು ಬಿರುಕು ಇದೆ, ಕಿಟಕಿಯ ಮೂಲೆಯಿಂದ ಸೂರಿನವರೆಗೆ. ಹೇಳಿಕೊಡದೆ ಕೂತು ಅದನ್ನು ಇವತ್ತು ಪೂರ್ತಿ ನೋಡಿದೆ.

"ನೀವು ಯಾರು?" ಅಂದಳು ಪಿಸು ಕೊನೆಗೆ.

ದರ್ಜಿ ನನ್ನ ಮುಖ ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಕೂತ. "ನಾನು ದರ್ಜಿ, ಅಕ್ಕ. ನಿಮ್ಮ ಯಜಮಾನರ ಪ್ಯಾಂಟನ್ನ ಎರಡು ಸಲ ಗಿಡ್ಡ ಮಾಡಿ ಹಾಳು ಮಾಡಿದವನು."

"ಓ, ನೀವೇನಾ? ಒಳ್ಳೇ ಕೆಲಸ ಮಾಡಿದ್ರಿ. ಆ ಪ್ಯಾಂಟು ನನಗೂ ಹಿಡಿಸಿರಲಿಲ್ಲ."

ಇಬ್ಬರೂ ನಕ್ಕರು. ಅವನು ಬಹಳ ಹೊತ್ತು ಕೂತಿದ್ದ. ಪಾಪ, ಕೆಲಸ ಕಡಿಮೆ ಇರಬೇಕು ಅವನಿಗೆ.

ಅಕ್ಟೋಬರ್ ೨೭, ಭಾನುವಾರ

ಊಟಕ್ಕೆ ಬಹಳ ಹೊತ್ತು ಹಿಡಿಯಿತು. ಪಿಸುವಿಗೆ ಏನೋ ಬೇಕಿತ್ತು. "ಅದು ಕೊಡಿ" ಅಂದಳು. "ಅದು... ಬಾಗಿದ್ದು... ಎತ್ತೋದು..." ಅನ್ನ ಆರಿತು. ಸಾರಿನ ಮೇಲೆ ಕೆನೆಗಟ್ಟಿತು. ಹೊರಗೆ ಯಾರೋ ಸೈಕಲ್ ನಿಲ್ಲಿಸಿ, ಬೀಗ ಹಾಕಿ, ಹೋದರು.

"ಸೌಟು!" ಅಂದಳು. ಎಂಥ ಮುಖ ಅವಳದು ಆಗ!

ತಣ್ಣಗಿನ ಸಾರೂ ಚೆನ್ನಾಗಿರುತ್ತದೆ.

ನವೆಂಬರ್ ೨, ಶನಿವಾರ

ಡಾಕ್ಟರಮ್ಮ ಫೋನ್ ಮಾಡಿದ್ದರು. ಔಷಧಿಯ ವಿಷಯವಲ್ಲ, ಆ ಬಾಗಿಲು ಮುಚ್ಚಿತು. ಇದು ಬೇರೆ. ಗೆರೆ ದಾಟಿದವರನ್ನು ವರ್ಷ ವರ್ಷ ನೋಡುತ್ತಾ ಹೋಗುತ್ತಾರಂತೆ. ಪರೀಕ್ಷೆ, ರಕ್ತ, ತಲೆಯ ಚಿತ್ರ. ಕೊನೆಗೆ, ಎಲ್ಲ ಮುಗಿದ ಮೇಲೆ, ಮಿದುಳು ಅವರ ಪ್ರಯೋಗಾಲಯಕ್ಕೆ. ಗಂಟು ಮೊದಲೋ, ಅದನ್ನು ಹಿಡಿದಿಟ್ಟ ಸಕ್ಕರೆ ಎಳೆ ಮೊದಲೋ, ಯಾವ ಎಳೆ ಎಲ್ಲಿ ಕೂತಿತ್ತು, ಅದೆಲ್ಲ ಹಾಗೆ ನೋಡಿದರೇ ತಿಳಿಯುವುದಂತೆ.

"ಇದರಿಂದ ಅಮ್ಮನಿಗೆ ಲಾಭ ಏನೂ ಇಲ್ಲ. ಅದನ್ನ ಸ್ಪಷ್ಟವಾಗಿ ಹೇಳಬೇಕು ನಾನು. ಮುಂದೆ ಬರೋರಿಗೆ ಆಗಬಹುದು. ಒಪ್ಪಿಗೆ ಅವರೇ ಕೊಡಬೇಕು, ಅವರ ಮಾತಿನಲ್ಲಿ. ಅರ್ಥ ಮಾಡಿಕೊಂಡು ಹೇಳೋ ಶಕ್ತಿ ಇನ್ನೂ ಇದೆ. ಎಷ್ಟು ದಿನ ಇರುತ್ತೋ ಹೇಳಲಾರೆ. ಬೇಡ ಅಂದರೂ ಸರಿಯೇ."

ಆಮೇಲೆ, "ಸರ್, ಆ ಕೋಣೆಯಲ್ಲಿ ಮನೆಯವರು ಇರೋ ಹಾಗಿಲ್ಲ" ಅಂದರು.

ನನಗೆ ಬೇಕಾದದ್ದು ಬೇಡ ಅನ್ನುವ ಮಾತು. ಆ ಕಂದು ಗಂಟುಗಳ ಚಿತ್ರದಲ್ಲಿ ಪಿಸುವನ್ನು ನೋಡಲಾರೆ. ಅವಳನ್ನು ತೆಳುವಾದ ಬಿಲ್ಲೆ ಮಾಡಿ, ನೀಲಿ ಬಣ್ಣ ಹಾಕಿ, ಇನ್ಯಾರೋ ಗಂಡನ ಎದುರು ಪರದೆ ತಿರುಗಿಸಿ ತೋರಿಸುತ್ತಾರೆ. "ಬೇಡ ಅಂತ ಹೇಳು" ಎಂದು ದಿನಕ್ಕೆ ನಾಲ್ಕು ಸಲ ಅವಳ ಕಿವಿಯಲ್ಲಿ ಅಂದರೆ ಸಾಕು. ಹದಿನೈದು ದಿನದಲ್ಲಿ ಅದು ಅವಳದೇ ಮಾತಾಗಿಬಿಡುತ್ತದೆ. ಆ ವಿದ್ಯೆ ನನಗೆ ಬರುತ್ತದೆ.

ಮಗಳು ವಿಷಯವನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದಳು. ನಾನು ಹೋಗಿ ಪಾತ್ರೆ ತೊಳೆದೆ.

ನವೆಂಬರ್ ೧೩, ಬುಧವಾರ

ಮಗಳು ಸಂಜೆ ಬಂದು ಅಮ್ಮನ ಬೂದು ಬಣ್ಣದ ಸೀರೆ ಇಸ್ತ್ರಿ ಮಾಡಿಟ್ಟು ಹೋದಳು. ಹೋಗುವಾಗ ನನ್ನ ಹೆಗಲ ಮೇಲೆ ಕೈ ಇಟ್ಟಳು. "ಅಪ್ಪಾ, ಊಟ ಮಾಡು" ಅಂದಳು. ಅಷ್ಟೇ.

ಆಮೇಲೆ ಪಿಸು ಮತ್ತು ನಾನು ಕಿಟಕಿಯ ಬಳಿ ಕೂತಿದ್ದೆವು. ಬೀದಿಯಲ್ಲಿ ಅಂಗಡಿಗಳು ಬಾಗಿಲು ಎಳೆಯುತ್ತಿದ್ದವು.

"ನಾಳೆ ಅಲ್ಲಿಗೆ ಅಲ್ವಾ?" ಅಂದಳು.

"ಹೌದು."

"ಸತ್ತ ಮೇಲೆ ತಲೆ ಕೊಡ್ತೀರಾ ಅಂತ ಕೇಳ್ತಾರೆ."

"ಹೌದು."

ಎದುರಿನ ದಿನಸಿ ಅಂಗಡಿಯವನು ತಕ್ಕಡಿ ಒಳಗಿಟ್ಟ. ದೀಪ ಆರಿಸಿದ.

"ರೀ" ಅಂದಳು ಪಿಸು. ನನ್ನ ಕಡೆ ತಿರುಗಿದಳು. ತುಟಿ ಸ್ವಲ್ಪ ತೆರೆದಿತ್ತು, ಕಿವಿ ಸ್ವಲ್ಪ ನನ್ನ ಕಡೆ ವಾಲಿತ್ತು. ರಂಗದ ಮೇಲಿನಿಂದ ಪರದೆಯ ಕಡೆ ವಾಲುತ್ತಿದ್ದ ನನ್ನದೇ ಭಂಗಿ ಅದು. "ನಾನೇನು ಹೇಳಲಿ?"

ಮಾತು ನನ್ನ ನಾಲಗೆಯ ತುದಿಯಲ್ಲಿ ಇತ್ತು. ಎರಡೇ ಅಕ್ಷರ, ಬೇಡ. ಅವಳು ಕಾಯುತ್ತಿದ್ದಳು. ಕೊಟ್ಟಿದ್ದರೆ ತಗೊಳ್ಳುತ್ತಿದ್ದಳು.

"ನನಗೆ ಗೊತ್ತಿಲ್ಲ ಕಣೇ" ಅಂದೆ.

ಅವಳು ನನ್ನನ್ನು ಇನ್ನಷ್ಟು ಹೊತ್ತು ನೋಡಿದಳು. ಸಿಟ್ಟು ಬರುತ್ತದೆ ಅಂದುಕೊಂಡೆ. ನಕ್ಕಳು. "ನಿಮಗೆ ಯಾವತ್ತು ಗೊತ್ತಿತ್ತು? ಎಲ್ಲಾ ನಾನೇ ಹೇಳಬೇಕಿತ್ತು."

ಆಮೇಲೆ ಕಿಟಕಿಯ ಕಡೆ ತಿರುಗಿ ಯೋಚನೆ ಮಾಡುತ್ತಾ ಕೂತಳು. ಏನು ಯೋಚನೆ ಎಂದು ಕೇಳಲಿಲ್ಲ. ಮಾರ್ಚಿನ ಆ ಕೋಣೆಯಲ್ಲಿ ಅವಳಿಗೆ ಹೀಗೆ ಯೋಚಿಸುವ ಹೊತ್ತನ್ನು ಕೊಟ್ಟಿದ್ದರೆ ನಾಳಿನ ಪ್ರಶ್ನೆ ಬೇರೆ ಇರುತ್ತಿತ್ತೋ ಏನೋ. ಇರುತ್ತಿತ್ತು. ಅದನ್ನು ಯಾವ ಗಂಟಲಿನಿಂದ ಕೂಗಿದರೂ ಹಿಂದಕ್ಕೆ ಬರುವುದಿಲ್ಲ.

ನಾಳೆ ಬೆಳಿಗ್ಗೆ ಅವಳಿಗೆ ಬೂದು ಸೀರೆ ಉಡಿಸುತ್ತೇನೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸುತ್ತೇನೆ. ಆ ಉದ್ದದ ಓಣಿಯ ಕೊನೆಯವರೆಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ. 'ಹೋಗಿ ಬಾ' ಎಂದಷ್ಟೇ ಹೇಳಿ ಬಾಗಿಲನ್ನು ನಾನೇ ಎಳೆದುಕೊಳ್ಳುತ್ತೇನೆ. ಆಮೇಲೆ ಆಸ್ಪತ್ರೆಯಿಂದ ಹೊರಗೆ ಬಂದು, ರಸ್ತೆ ದಾಟಿ, ಆಚೆ ಬದಿಯ ಬೆಂಚಿನ ಮೇಲೆ ಕೂತಿರುತ್ತೇನೆ. ಅವಳು ಏನು ಹೇಳಿ ಬಂದರೂ ಮನೆಗೆ ಕರೆದುಕೊಂಡು ಬರುತ್ತೇನೆ.